ಬೇಸ್ ಗಿಟಾರ್ ಕಲಿಯಲು ಯಾವ ಕಾಲೇಜು?

ದ್ವಿತೀಯ ಪಿಯುಸಿ ತರಗತಿಗಳಲ್ಲಿ ಈಗ ಎಲ್ಲರ ಬಾಯಲ್ಲೂ ಸಿಇಟಿ, ನೀಟ್, ಸಿಎ ಫೌಂಡೇಶನ್ ಮಾತೇ. ಇದರ ನಡುವೆ ವಾಣಿಜ್ಯ ವಿಭಾಗದ ಹುಡುಗನೊಬ್ಬ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, “ಸರ್, ಬೇಸ್ ಗಿಟಾರ್ ಕಲಿಯೋಕೆ ಯಾವ ಕಾಲೇಜು ಒಳ್ಳೇದು?” ಎಂದು ಕೇಳಿದ. ಒಳಗಿದ್ದ ಒಂದಿಬ್ಬರು ನಕ್ಕರು. ಅವನು ನಗಲಿಲ್ಲ. ನನಗೆ ಗೊತ್ತಿದ್ದದ್ದು ಒಂದೇ ಹೆಸರು, ಅಮೆರಿಕದ ಬಾಸ್ಟನ್ ನಗರದ ಬರ್ಕ್ಲಿ ಸಂಗೀತ ಕಾಲೇಜು. ಅದನ್ನೇ ಹೇಳಿ ಕಳಿಸಿದೆ. ಆಮೇಲೆ ಕೂತು ಓದಿ, ಬಲ್ಲವರನ್ನು ವಿಚಾರಿಸಿದಾಗ ನನ್ನ ಉತ್ತರ ಎಷ್ಟು ಹಗುರದ್ದೆಂದು ತಿಳಿಯಿತು. ವೈದ್ಯಕೀಯಕ್ಕೆ ಹೊರಟವನಿಗಾದರೆ ನಾವು ಹೀಗೆ ಒಂದು ಹೆಸರು ಹೇಳಿ ಕೈತೊಳೆದುಕೊಳ್ಳುತ್ತೇವೆಯೇ? ಸೀಟು, ಶುಲ್ಕ, ಕಟ್ ಆಫ್ ಎಲ್ಲವನ್ನೂ ಲೆಕ್ಕ ಹಾಕಿ ಕೊಡುತ್ತೇವೆ. ಅವನಿಗೆ ಅಂದು ಕೊಡಬೇಕಿದ್ದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಕಾಲೇಜಿನ ಹೆಸರು ನೋಡುವ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: ಆ ಕಾಲೇಜು ಎಲೆಕ್ಟ್ರಿಕ್ ಬೇಸನ್ನು ಮುಖ್ಯ ವಾದ್ಯವಾಗಿ ಒಪ್ಪುತ್ತದೆಯೇ? ಇದು ವಯಸ್ಸಿನಲ್ಲಿ ಕಿರಿಯ ವಾದ್ಯ. ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್ ತಮ್ಮ ‘ಪ್ರಿಸಿಷನ್ ಬೇಸ್’ ಮಾರುಕಟ್ಟೆಗೆ ತಂದದ್ದು 1951ರಲ್ಲಿ. ಅದಕ್ಕೂ ಮೊದಲು ಬೇಸ್ ಎಂದರೆ ಆಳೆತ್ತರದ, ನಿಲ್ಲಿಸಿಕೊಂಡು ನುಡಿಸುವ ಡಬಲ್ ಬೇಸ್. ಎರಡರಲ್ಲೂ ನಾಲ್ಕು ತಂತಿ, ಶ್ರುತಿಯೂ ಒಂದೇ. ಆದರೆ ಡಬಲ್ ಬೇಸಿಗೆ ಫ್ರೆಟ್ ಇಲ್ಲ, ಕಮಾನಿನಿಂದಲೂ ನುಡಿಸಬೇಕು, ಕೈ ಇಡುವ ರೀತಿಯೇ ಬೇರೆ. ಅನೇಕ ವಿಶ್ವವಿದ್ಯಾಲಯಗಳ ಸಂಗೀತ ವಿಭಾಗದಲ್ಲಿ ‘ಬೇಸ್’ ಎಂದು ಬರೆದಿದ್ದರೆ ಅದು ಡಬಲ್ ಬೇಸೇ. ಜಾಝ್ ವಿಭಾಗಗಳಲ್ಲಿ ಎರಡನ್ನೂ ಕೇಳುವವರಿದ್ದಾರೆ. ಇದು ಗೊತ್ತಿಲ್ಲದೆ ಅರ್ಜಿ ಹಾಕಿದವನಿಗೆ ಪ್ರವೇಶ ಪರೀಕ್ಷೆಯ ದಿನವೇ ಬಾಗಿಲು ಮುಚ್ಚುತ್ತದೆ.

1945ರಲ್ಲಿ ಶುರುವಾದ ಬರ್ಕ್ಲಿ ಮತ್ತು 1977ರಲ್ಲಿ ಗಿಟಾರ್ ಶಾಲೆಯಾಗಿ ಹುಟ್ಟಿದ ಲಾಸ್ ಏಂಜಲೀಸಿನ ಮ್ಯೂಸಿಷಿಯನ್ಸ್ ಇನ್‌ಸ್ಟಿಟ್ಯೂಟ್, ಎರಡೂ ಎಲೆಕ್ಟ್ರಿಕ್ ಬೇಸನ್ನು ಮುಖ್ಯ ವಾದ್ಯವಾಗಿ ಕಲಿಸುತ್ತವೆ. 1947ರಲ್ಲೇ ಜಾಝ್ ಪದವಿ ಆರಂಭಿಸಿದ ನಾರ್ತ್ ಟೆಕ್ಸಸ್ ವಿಶ್ವವಿದ್ಯಾಲಯದ ದಾರಿ ಬೇರೆ, ಅಲ್ಲಿ ಕಲಿಕೆಯ ಕೇಂದ್ರ ಜಾಝ್. ನಮ್ಮ ಹತ್ತಿರದಲ್ಲಿ ಎ.ಆರ್. ರಹಮಾನ್ 2008ರಲ್ಲಿ ಚೆನ್ನೈನಲ್ಲಿ ಸ್ಥಾಪಿಸಿದ ಕೆ.ಎಂ. ಮ್ಯೂಸಿಕ್ ಕನ್ಸರ್ವೇಟರಿ ಇದೆ. ಆದರೆ ನಮ್ಮ ದೇಶದ ವಿಶ್ವವಿದ್ಯಾಲಯಗಳ ಸಂಗೀತ ಪದವಿಗಳು ಬಹುಪಾಲು ಕರ್ನಾಟಕ, ಹಿಂದೂಸ್ತಾನಿ ಪದ್ಧತಿಯ ಸುತ್ತ ಕಟ್ಟಿದಂಥವು. ಎಲ್ಲಿಗೇ ಹೋಗುವುದಿದ್ದರೂ ಆ ವರ್ಷದ ಪ್ರಾಸ್ಪೆಕ್ಟಸ್ ಓದಿ, ಅನುಮಾನವಿದ್ದರೆ ಇಮೇಲ್ ಬರೆದು ಲಿಖಿತ ಉತ್ತರ ತರಿಸಿಕೊಳ್ಳಬೇಕು.

ಎರಡನೆಯ ಪ್ರಶ್ನೆ: ವಾರವಾರ ಎದುರು ಕೂತು ಕಲಿಸುವ ಗುರು ಯಾರು, ಜೊತೆಗೆ ನುಡಿಸುವವರು ಯಾರು? ಗೋಡೆಯ ಮೇಲಿನ ಫೋಟೋದಲ್ಲಿರುವ ಪ್ರಸಿದ್ಧರು ವರ್ಷಕ್ಕೊಮ್ಮೆ ಬಂದು ಹೋಗುವವರಾಗಿರಬಹುದು. ಬೇಸ್ ವಾದಕನ ಕೆಲಸವೇ ಡ್ರಮ್ಸ್ ಜೊತೆ ಸೇರಿ ಇಡೀ ಹಾಡನ್ನು ಹೊತ್ತು ನಿಲ್ಲುವುದು. ಕೋಣೆಯಲ್ಲಿ ಒಬ್ಬನೇ ಕೂತು ಬೆರಳು ಪಳಗಿಸಬಹುದು, ಈ ಕೆಲಸ ಕಲಿಯಲಾಗದು. ವಾರಕ್ಕೆ ಎಷ್ಟು ಗಂಟೆ ತಂಡದಲ್ಲಿ ನುಡಿಸಲು ಸಿಗುತ್ತದೆ ಎಂಬುದು ಕಟ್ಟಡದ ಚೆಂದಕ್ಕಿಂತ ಮುಖ್ಯ. ಇಂದು ಜಗತ್ತಿನಾದ್ಯಂತ ಹೆಸರಾದ ಮುಂಬೈನ ಮೋಹಿನಿ ಡೇ ಬೇಸ್ ಕಲಿತದ್ದು ತಮ್ಮ ತಂದೆಯಿಂದ. ಉಸ್ತಾದ್ ಜಾಕಿರ್ ಹುಸೇನ್, ರಹಮಾನ್ ಅಂಥವರ ಜೊತೆ ನುಡಿಸಿದರು. ಗುರು ಮತ್ತು ಸಂಗಡಿಗರ ಬೆಲೆ ಅಲ್ಲಿ ಗೊತ್ತಾಗುತ್ತದೆ.

ಮೂರನೆಯದು ಸಿದ್ಧತೆ. ಇಂಥ ಕಾಲೇಜುಗಳು ಅಂಕಪಟ್ಟಿಯೊಂದನ್ನೇ ನೋಡಿ ಸೀಟು ಕೊಡುವುದಿಲ್ಲ. ನುಡಿಸಿ ತೋರಿಸಬೇಕು, ಕೇಳಿದ ಸ್ವರವನ್ನು ಗುರುತಿಸಬೇಕು, ಹಲವು ಕಡೆ ಎದುರಿಗಿಟ್ಟ ಸ್ವರಲಿಪಿಯನ್ನು ಓದಿ ನುಡಿಸಬೇಕು. ನಮ್ಮ ಹುಡುಗರಲ್ಲಿ ಹೆಚ್ಚಿನವರು ಯೂಟ್ಯೂಬ್ ನೋಡಿ, ಟ್ಯಾಬ್ ಹಿಡಿದು ಕಲಿತವರು. ಅದು ತಪ್ಪಲ್ಲ, ಆದರೆ ಸಾಲದು. ಟ್ರಿನಿಟಿಯ ರಾಕ್ ಅಂಡ್ ಪಾಪ್ ಮತ್ತು ರಾಕ್‌ಸ್ಕೂಲ್ ಗ್ರೇಡ್ ಪರೀಕ್ಷೆಗಳಲ್ಲಿ ಬೇಸ್ ಗಿಟಾರಿಗೇ ಪಠ್ಯವಿದೆ. ಅವನ್ನು ಇಲ್ಲಿದ್ದುಕೊಂಡೇ ಬರೆಯಬಹುದು. ತಾನು ಎಲ್ಲಿ ನಿಂತಿದ್ದೇನೆಂದು ಇದರಿಂದ ತಿಳಿಯುತ್ತದೆ, ಮನೆಯವರಿಗೂ ತೋರಿಸಬಹುದು.

ನಾಲ್ಕನೆಯದು ಹಣ. ಬಾಸ್ಟನ್ನಿನಲ್ಲಿ ಶುಲ್ಕ, ವಸತಿ, ಊಟ ಸೇರಿ ವರ್ಷದ ಖರ್ಚು 50 ಲಕ್ಷ ರೂಪಾಯಿ ದಾಟುತ್ತದೆ. ನಾಲ್ಕು ವರ್ಷಕ್ಕೆ ಎರಡು ಕೋಟಿ. ಬೇಸ್ ವಾದಕನ ದುಡಿಮೆ ಸ್ಟುಡಿಯೋ, ವೇದಿಕೆ, ಪಾಠ ಹೇಳುವುದರಿಂದ ಬಿಡಿಬಿಡಿಯಾಗಿ ಬರುತ್ತದೆ. ಕಂತು ಮಾತ್ರ ತಿಂಗಳಿಗೊಮ್ಮೆ ತಪ್ಪದೆ ಬರುತ್ತದೆ. ಬಡ್ಡಿಯ ಸಾಲ ಮುಟ್ಟುವುದಿಲ್ಲ ಎನ್ನುವ ಮನೆಗಳು ನಮ್ಮಲ್ಲಿ ಬಹಳ. ಅಲ್ಲಿ ಮನೆ, ಜಮೀನು ಮಾರುವ ಮಾತು ಬರುತ್ತದೆ. ದೊಡ್ಡ ವಿದ್ಯಾರ್ಥಿವೇತನ ಸಿಗದೆ ಇಂಥ ಕಾಲೇಜಿಗೆ ಹೋಗಬಾರದು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಬೆಂಗಳೂರಿನಲ್ಲಿ ಬಿ.ಕಾಂ. ಓದುತ್ತಾ ಒಳ್ಳೆಯ ಗುರುವಿನಲ್ಲಿ ಪಾಠ ಹೇಳಿಸಿಕೊಂಡು, ಒಂದು ಬ್ಯಾಂಡಿನಲ್ಲಿ ಮೂರು ವರ್ಷ ನುಡಿಸಿದರೆ ಅದು ಸೋಲಲ್ಲ. ಆಮೇಲೂ ಅರ್ಜಿ ಹಾಕಬಹುದು. ಆಗ ಕೈಯೂ ಪಳಗಿರುತ್ತದೆ, ಪದವಿಯೂ ಇರುತ್ತದೆ.

ಸಂಗೀತವೇ ಸರಿಯೇ ಎಂಬ ಪ್ರಶ್ನೆ ನಮ್ಮ ಕೆಲವು ಮನೆಗಳಲ್ಲಿ ಏಳುತ್ತದೆ. ಅದಕ್ಕೆ ಉತ್ತರಿಸುವ ಇಲ್ಮ್ ನನ್ನಲ್ಲಿಲ್ಲ. ಉಲೇಮಾಗಳಲ್ಲೂ ಇದರ ಬಗ್ಗೆ ಭಿನ್ನಾಭಿಪ್ರಾಯವಿದೆ. ನಾನು ಹೇಳಬಲ್ಲದ್ದು ಇಷ್ಟೇ: ಅಬ್ಬಾ, ಅಮ್ಮಿಗೆ ಗೊತ್ತಿಲ್ಲದಂತೆ ಅರ್ಜಿ ಹಾಕಬೇಡಿ. ಅವರ ಮುಂದೆ ಕೂತು ಮಾತಾಡಿ. ಹಿರಿಯರೂ ಗದರಿಸಿ ಕಳಿಸುವ ಮುನ್ನ ಒಮ್ಮೆ ಕೇಳಿಸಿಕೊಳ್ಳಲಿ. ಮಾತು ಮುಚ್ಚಿದ ಮನೆಯಲ್ಲಿ ಮಕ್ಕಳು ತಪ್ಪು ನಿರ್ಧಾರವನ್ನು ಒಬ್ಬರೇ ತೆಗೆದುಕೊಳ್ಳುತ್ತಾರೆ.

ನಮ್ಮ ಕರಿಯರ್ ಗೈಡೆನ್ಸ್ ಕಾರ್ಯಕ್ರಮದಲ್ಲಿ ಇಂಥ ವಿಷಯಕ್ಕೂ ಒಂದು ಗಂಟೆ ಇರಲಿ ಎಂದು ಸಹೋದ್ಯೋಗಿಗಳಲ್ಲಿ ಕೇಳಿಕೊಳ್ಳುತ್ತೇನೆ. ಆ ಹುಡುಗನಿಗೂ ಒಂದು ಮಾತು: ಮತ್ತೊಮ್ಮೆ ಸ್ಟಾಫ್ ರೂಮಿಗೆ ಬಾ. ಈ ಸಲ ಹೆಸರು ಹೇಳಿ ಕಳಿಸುವುದಿಲ್ಲ. ಪ್ರಾಸ್ಪೆಕ್ಟಸ್ ತಂದರೆ ಇಬ್ಬರೂ ಕೂತು ಓದೋಣ.