ಸರಕಿಗಿರುವ ಕಾವಲು ಚಾಲಕನಿಗೂ ಇರಲಿ



ಜಿಎಸ್‌ಟಿ ಬಂದ ಮೇಲೆ ಗಡಿಗಳಲ್ಲಿನ ವಾಣಿಜ್ಯ ತೆರಿಗೆ ಚೆಕ್‌ಪೋಸ್ಟ್‌ಗಳು ಹೋದವು. 2018ರಲ್ಲಿ ಸರಕು ಸಾಗಣೆಗೆ ಇ-ವೇ ಬಿಲ್ ಬಂತು, 2021ರಲ್ಲಿ ಫಾಸ್ಟ್ಯಾಗ್ ಕಡ್ಡಾಯವಾಯಿತು. ಎರಡನ್ನೂ ಜೋಡಿಸಿರುವುದರಿಂದ ಲಾರಿ ಯಾವ ಟೋಲ್ ಎಷ್ಟು ಹೊತ್ತಿಗೆ ದಾಟಿತೆಂದು ತೆರಿಗೆ ಅಧಿಕಾರಿಗಳು ಕುಳಿತಲ್ಲೇ ನೋಡಬಹುದು. ಗಡಿಯಲ್ಲಿ ಕಾಯುವ ಗೋಳು ತಪ್ಪಿದ್ದು ಒಳ್ಳೆಯದೇ. ಆದರೆ ಸ್ಟಿಯರಿಂಗ್ ಹಿಡಿದವನು ಮಲಗಿ ಎಷ್ಟು ಹೊತ್ತಾಯಿತು ಎಂಬ ಲೆಕ್ಕ ಯಾರ ಬಳಿಯೂ ಇಲ್ಲ.

ಬೆಂಗಳೂರಿನಿಂದ ಮುಂಬೈಗೆ ಸುಮಾರು ಸಾವಿರ ಕಿ.ಮೀ. ದಿನಕ್ಕೆ 200 ಕಿ.ಮೀ. ಲೆಕ್ಕದಲ್ಲಿ ಇ-ವೇ ಬಿಲ್‌ಗೆ ಐದು ದಿನದ ಅವಧಿ ಸಿಗುತ್ತದೆ. ಮಾಲು ತರಿಸಿಕೊಂಡವರು ಮಾತ್ರ ಎರಡನೇ ದಿನವೇ ಫೋನಿನ ಮೇಲೆ ಫೋನು ಮಾಡುತ್ತಾರೆ. ನಿಪ್ಪಾಣಿ ಬಳಿ ನಡುರಾತ್ರಿ ಲಾರಿ ನಿಲ್ಲಿಸಿ, ಬಾಟಲಿ ನೀರನ್ನು ಮುಖಕ್ಕೆ ಎರಚಿಕೊಂಡು, ನಿಂತೇ ಚಹಾ ಕುಡಿದು ಹೊರಡುವ ಚಾಲಕರನ್ನು ನಾನು ಕಂಡಿದ್ದೇನೆ. ಸರದಿಯಲ್ಲಿ ಓಡಿಸಲು ಜತೆಗೊಬ್ಬನಿಲ್ಲ.

ದಿನಕ್ಕೆ ಎಂಟು ಗಂಟೆ ದುಡಿಮೆ ಎಂದು 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯೇ ಹೇಳಿತ್ತು. ಅಳೆಯುವ ಯಂತ್ರವಿಲ್ಲದೆ ಅದು ಕಾಗದದಲ್ಲೇ ಉಳಿಯಿತು. ಯುರೋಪಿನ ಲಾರಿಗಳಲ್ಲಿ ಚಾಲನೆ, ವಿರಾಮಗಳ ಹೊತ್ತನ್ನು ದಾಖಲಿಸುವ ಟ್ಯಾಕೋಗ್ರಾಫ್ ಎಂಬ ಯಂತ್ರವಿದೆ. ನಾಲ್ಕೂವರೆ ಗಂಟೆ ಓಡಿಸಿದರೆ 45 ನಿಮಿಷ ವಿರಾಮ ಅಲ್ಲಿ ಕಡ್ಡಾಯ. ಹೊಸ ಯಂತ್ರಗಳು ದೇಶದ ಗಡಿ ದಾಟಿದ್ದನ್ನೂ ತಾವೇ ದಾಖಲಿಸುತ್ತವೆ.

ನಮ್ಮ ಭಾರಿ ವಾಹನಗಳಿಗೂ ಟ್ಯಾಕೋಗ್ರಾಫ್ ಅಳವಡಿಸಬೇಕು. ನಿಯಮ ಮೀರಿದರೆ ದಂಡ ಬೀಳಬೇಕಾದ್ದು ಗಡುವು ಹೇರುವ ಮಾಲೀಕರ ಮೇಲೆ. ಚಾಲಕನ ಸಂಬಳದಲ್ಲಿ ಅದನ್ನು ಮುರಿದುಕೊಳ್ಳುವಂತಾಗಬಾರದು.

– ಲಾರಿ ಚಾಲಕರೊಬ್ಬರ ಮಗಳು, ಚಿತ್ರದುರ್ಗ