ಮಸೂರಕ್ಕೂ ದೀರ್ಘಾಯುಸ್ಸು ಬೇಡವೆ?

ಚಿಕ್ಕಬಳ್ಳಾಪುರದ ಸಮೀಪದ ನಂದಿ ಗ್ರಾಮದಲ್ಲಿ, ಅರುಣಾಚಲೇಶ್ವರನ ಗುಡಿಗೂ ಭೋಗನಂದೀಶ್ವರನ ಗುಡಿಗೂ ನಡುವಣ ಉಮಾಮಹೇಶ್ವರ ಸನ್ನಿಧಿಯ ಕಲ್ಯಾಣಮಂಟಪದೆದುರು ಕ್ಯಾಮೆರಾ ಹಿಡಿದು ನಿಂತವನಿಗೆ ಒಂದು ಪೇಚಾಟ ತಪ್ಪಿದ್ದಲ್ಲ: ಕರಿಗಲ್ಲಿನ ಕಂಬಗಳನ್ನೆಲ್ಲ ಒಂದೇ ಚಿತ್ರದಲ್ಲಿ ಹಿಡಿಯಬೇಕೆಂಬ ಆಸೆಯಿಂದ ಹಿಂದೆ ಸರಿದರೆ, ಬೆನ್ನಿಗೆ ಮತ್ತೊಂದು ಕಂಬವೇ ತಾಗುತ್ತದೆ. ಚಿಂತಾಮಣಿಯ ಕೈಲಾಸಗಿರಿಯ ಗುಹೆಗಳಲ್ಲಿಯೂ, ಶಿಡ್ಲಘಟ್ಟದ ರೇಷ್ಮೆನೂಲು ಬಿಚ್ಚುವ ಕಿರುಕೊಠಡಿಗಳಲ್ಲಿಯೂ ಇದೇ ಇಕ್ಕಟ್ಟು. 50 ಮಿ.ಮೀ. ಲೆನ್ಸು ಸುಮಾರು 46 ಡಿಗ್ರಿಯನ್ನು ನೋಡುವಲ್ಲಿ 114 ಡಿಗ್ರಿಯನ್ನು ನೋಡಬಲ್ಲ 14 ಮಿ.ಮೀ.ನ ಅತಿವಿಶಾಲ ನೋಟವು ಇಲ್ಲಿ ಷೋಕಿಯಲ್ಲ, ಅನಿವಾರ್ಯವೇ ಸರಿ.

ಈ ಬಗೆಯ ಜೂಮ್ ಲೆನ್ಸುಗಳು ಇತ್ತೀಚೆಗೆ ಪಡೆದ ಸುಧಾರಣೆ ಶ್ಲಾಘ್ಯವಾದುದು. ಕ್ಯಾಮೆರಾದೊಳಗೆ ಕನ್ನಡಿಯೊಂದು ಏರಿಳಿಯುತ್ತಿದ್ದ ಕಾಲದಲ್ಲಿ ಲೆನ್ಸು ಫಿಲ್ಮಿನಿಂದ ದೂರವೇ ನಿಲ್ಲಬೇಕಾಗಿತ್ತು. 1959ರ ನಿಕಾನ್ ಎಫ್ ಜೋಡಣೆಯಲ್ಲಿ ಆ ಅಂತರ 46.5 ಮಿ.ಮೀ. ಇದ್ದದ್ದು, ಕನ್ನಡಿಯಿಲ್ಲದ 2018ರ ಝಡ್ ಜೋಡಣೆಯಲ್ಲಿ 16 ಮಿ.ಮೀ.ಗೆ ಇಳಿದಿದೆ. ಅದರ ಫಲವಾಗಿ, 2007ರಲ್ಲಿ ಒಂದು ಕಿಲೋಗ್ರಾಂನಷ್ಟು ತೂಗುತ್ತಿದ್ದ 14-24 ಮಿ.ಮೀ. ಲೆನ್ಸು 2020ರ ಹೊಸ ರೂಪದಲ್ಲಿ 650 ಗ್ರಾಂ ಮಾತ್ರವಾಯಿತು.

ಆದರೆ ಹಗುರವಾದುದೆಲ್ಲ ಬಾಳಿಕೆ ಬರುವುದೆಂದು ಹೇಳಲಾಗದು. ಹಳೆಯ ಲೆನ್ಸಿನಲ್ಲಿ ಮೋಟಾರು ಕೆಟ್ಟರೂ ಬಳೆಯನ್ನು ಕೈಯಿಂದ ತಿರುಗಿಸಿ ಫೋಕಸ್ ಮಾಡಬಹುದಾಗಿತ್ತು. ಇಂದಿನ ಅನೇಕ ಲೆನ್ಸುಗಳಲ್ಲಿಯಾದರೋ ಬಳೆಯು ಮೋಟಾರಿಗೆ ಆಜ್ಞೆಯನ್ನಷ್ಟೆ ಕಳುಹಿಸುವುದರಿಂದ, ಮೋಟಾರು ಸತ್ತೊಡನೆ ಗಾಜು ನಿರ್ಮಲವಾಗಿದ್ದರೂ ಲೆನ್ಸು ಕುರುಡಾಗುತ್ತದೆ. ಅಂಚಿನಲ್ಲಿ ಬಾಗುವ ಗೆರೆಗಳನ್ನು ನೇರಗೊಳಿಸುವ ಹೊಣೆಯನ್ನೂ ಈಗ ಬಹುಮಟ್ಟಿಗೆ ಸಾಫ್ಟ್‌ವೇರಿಗೇ ವಹಿಸಲಾಗಿದೆ. ಆ ತಿದ್ದುಪಡಿಯ ಲೆಕ್ಕ ಕೈಗೆ ಸಿಗದ ದಿನ ದೇವಾಲಯದ ಕಂಬಗಳು ಬಿಲ್ಲಿನಂತೆ ಬಾಗಿಯೇ ಉಳಿಯುವುವು. ಗೂಡು ಬೇಯಿಸುವ ಕೊಠಡಿಯ ಹಬೆಯಲ್ಲಿ ತಿರುಗಾಡಿದ ಲೆನ್ಸಿಗೆ ಬೂಷ್ಟು ಹಿಡಿದರೆ ಬಿಚ್ಚಿ ಒರಸಬೇಕಲ್ಲವೆ? ಅಂಟು ಹಾಕಿ ಮುಚ್ಚಿದ್ದನ್ನು ಬಿಚ್ಚುವವರು ಯಾರು?

ಉತ್ತರವನ್ನು ಗೌರಿಬಿದನೂರಿನ ಬಯಲಿನಲ್ಲಿ ಹುಡುಕಬಹುದು. ಭಾರತೀಯ ಖಭೌತ ಸಂಸ್ಥೆಯೂ ರಾಮನ್ ಸಂಶೋಧನಾ ಸಂಸ್ಥೆಯೂ ಜೊತೆಗೂಡಿ ಅಲ್ಲಿ ಕಟ್ಟಿದ ರೇಡಿಯೊ ದೂರದರ್ಶಕವು 1976ರಿಂದ ಮೊದಲುಗೊಂಡು 34.5 ಮೆಗಾಹರ್ಟ್ಸ್ ಆವರ್ತನದಲ್ಲಿ ಆಕಾಶವನ್ನು ಆಲಿಸಿತು. ಅದರಲ್ಲಿ ಗಾಜಿಲ್ಲ, ಕಂಬಗಳ ಮೇಲೆ ಕಟ್ಟಿದ 1000 ದ್ವಿಧ್ರುವ ಆಂಟೆನಾಗಳು, ಪೂರ್ವಪಶ್ಚಿಮವಾಗಿ 1.4 ಕಿ.ಮೀ. ಚಾಚಿದ ಒಂದು ತೋಳು, ಅದರಿಂದ ದಕ್ಷಿಣಕ್ಕೆ ಇಳಿದ ಮತ್ತೊಂದು. ಇಂಥ ರಚನೆಯಲ್ಲಿ ಕಂಬವೊಂದು ಬಿದ್ದರೆ ಅದೊಂದನ್ನೇ ನೆಡಬಹುದು. ಹಿಂದಿನ ಗ್ರಾಹಕಯಂತ್ರ ಹಳತಾದರೆ ಅದನ್ನಷ್ಟೆ ಬದಲಿಸಬಹುದು. ಕಣ್ಣು ಬೇರೆ, ನರ ಬೇರೆ ಎಂಬ ಈ ವಿವೇಕವೇ ಲೆನ್ಸಿನ ವಿನ್ಯಾಸಕ್ಕೂ ಬೇಕಾದುದು.

ನುರಿತ ಕೈ ತಿರುಪುಮೊಳೆ ಬಿಚ್ಚಿ ಮೋಟಾರನ್ನೂ ಒಳಗಿನ ತಂತಿಪಟ್ಟಿಯನ್ನೂ ಬದಲಿಸುವಂತಿರಲಿ. ತಿದ್ದುಪಡಿಯ ಕೋಷ್ಟಕಗಳನ್ನು ತಯಾರಕರು ಬಹಿರಂಗಪಡಿಸಲಿ. ಮಾರಾಟ ನಿಂತ ಬಳಿಕ 20 ವರ್ಷವಾದರೂ ಬಿಡಿಭಾಗ ದೊರೆಯಲಿ. ಇದರಿಂದ ಕೊಂಚ ತೂಕ ಹೆಚ್ಚುವುದಾದರೆ ಹೆಚ್ಚಲಿ. ಕೇಂದ್ರ ಸರ್ಕಾರವು 2022ರ ಡಿಸೆಂಬರಿನಲ್ಲಿ ದುರಸ್ತಿಯ ಹಕ್ಕಿಗಾಗಿ ತೆರೆದ ಪೋರ್ಟಲ್ಲಿನ ಆಶಯ ಮೊಬೈಲು, ಟ್ರಾಕ್ಟರುಗಳಂತೆ ಲೆನ್ಸಿಗೂ ಸಲ್ಲಬೇಕು.

ನಮ್ಮ ಊರುಗಳಲ್ಲಿ ಮದುವೆಯ ಚಿತ್ರ ತೆಗೆಯುವವನು ಸಾಲ ಮಾಡಿ ಲೆನ್ಸು ಕೊಳ್ಳುತ್ತಾನೆ; ಅವನು ಮಾರಿದ್ದನ್ನು ಇನ್ನೊಬ್ಬ ಹುಡುಗ ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡು ಕಸುಬು ಕಲಿಯುತ್ತಾನೆ. ಆ ಎರಡನೆಯವನ ಬದುಕೂ ಲೆನ್ಸಿನ ಆಯುಸ್ಸಿಗೆ ಗಂಟುಬಿದ್ದಿದೆ. ಆದುದರಿಂದ ಅಂಗಡಿಯಲ್ಲಿ ಚಿತ್ರದ ಸ್ಪಷ್ಟತೆಯನ್ನು ಪರೀಕ್ಷಿಸಿದ ಮೇಲೆ ಇನ್ನೊಂದು ಪ್ರಶ್ನೆಯನ್ನೂ ಕೇಳುವ ರೂಢಿ ನಮ್ಮಲ್ಲಿ ಬೆಳೆಯಲಿ: ಮೋಟಾರು ನಿಂತರೆ, ಸ್ವಾಮಿ, ಇದು ಕೈಯಲ್ಲಿ ತಿರುಗುತ್ತದೆಯೆ?