ಸಿಎನ್‌ಸಿ ಬಂತು, ರಿಪೇರಿಗೆ ಬೆಂಗಳೂರೇ ಗತಿ: ಮರಗೆಲಸದ ಅಂಗಡಿಗಳಿಗೆ ಬಾಲ್ ಸ್ಕ್ರೂ ತಲೆನೋವು

ಸಾಗರ: ಗುಡಿಗಾರರ ಕೈಚಳಕಕ್ಕೆ, ಶ್ರೀಗಂಧದ ಕೆತ್ತನೆಗೆ ಹೆಸರಾದ ಊರಿದು. ಇಲ್ಲೂ ಈಗ ದೇವರಮನೆ ಬಾಗಿಲು, ಜಾಲಿ, ಮಂಚದ ಡಿಸೈನ್‌ಗೆ ಸಿಎನ್‌ಸಿ ರೂಟರ್ ಬಂದು ಕೂತಿದೆ. ಕಂಪ್ಯೂಟರ್‌ನಲ್ಲಿ ಡಿಸೈನ್ ಹಾಕಿದ್ರೆ ಯಂತ್ರವೇ ಕೆತ್ತುತ್ತೆ. ಆದರೆ ಅದು ಕೆಟ್ಟು ನಿಂತ ದಿನ ಅಂಗಡಿಯೇ ನಿಂತ ಹಾಗೆ. ಗೃಹಪ್ರವೇಶದ ಸೀಸನ್‌ನಲ್ಲಿ ಅಡ್ವಾನ್ಸ್ ಕೊಟ್ಟ ಗಿರಾಕಿ ಬಾಗಿಲಲ್ಲಿ ನಿಂತಿರ್ತಾನೆ, ಬ್ಯಾಂಕ್ ಕಂತು ಮಾತ್ರ ನಿಲ್ಲಲ್ಲ.

ಹೀಗೆ ಯಂತ್ರ ನಿಲ್ಲೋಕೆ ಒಂದು ದೊಡ್ಡ ಕಾರಣ ಬಾಲ್ ಸ್ಕ್ರೂ.

ಏನಿದು ಬಾಲ್ ಸ್ಕ್ರೂ?

ಮೋಟಾರ್ ತಿರುಗುವುದನ್ನು ನೇರ ಚಲನೆಗೆ ತಿರುಗಿಸುವ ಉಕ್ಕಿನ ಉದ್ದ ಸ್ಕ್ರೂ ಇದು. ಸ್ಕ್ರೂ ಮತ್ತು ನಟ್ ನಡುವೆ ಸಣ್ಣ ಉಕ್ಕಿನ ಗುಂಡುಗಳು ಉರುಳುತ್ತಾ ಸುತ್ತು ಹಾಕುತ್ತವೆ. ಹಾಗಾಗಿ ಉಜ್ಜಾಟ ಕಡಿಮೆ, ಅಳತೆ ಕರಾರುವಾಕ್ಕು. ಇದರ ಸೈಜ್ ನಂಬರ್‌ನಲ್ಲೇ ಇರುತ್ತೆ. 1605 ಅಂದರೆ 16 ಮಿ.ಮೀ. ದಪ್ಪ, ಒಂದು ಸುತ್ತಿಗೆ 5 ಮಿ.ಮೀ. ಮುಂದಕ್ಕೆ. ಸಾಮಾನ್ಯವಾಗಿ ಸಿಗುವ ಸಿ7 ದರ್ಜೆಯ ಸ್ಕ್ರೂನಲ್ಲಿ 300 ಮಿ.ಮೀ. ಉದ್ದಕ್ಕೆ 0.05 ಮಿ.ಮೀ. ವ್ಯತ್ಯಾಸಕ್ಕೆ ಅವಕಾಶವಿದೆ. ಮರಗೆಲಸಕ್ಕೆ ಅದು ಧಾರಾಳ ಸಾಕು.

ಹಾಳಾಗೋದು ಹೇಗೆ?

ಮೊದಲ ಶತ್ರು ಹುಡಿ. ಎಂಡಿಎಫ್ ಕೊರೆದಾಗ ಬರುವ ನುಣುಪು ಹುಡಿ ಗ್ರೀಸ್ ಜೊತೆ ಸೇರಿ ಪೇಸ್ಟ್ ಆಗುತ್ತೆ. ಅದೇ ಗುಂಡುಗಳ ದಾರಿಯನ್ನು ತೇಯುತ್ತೆ. ಎರಡನೆಯದು ಮಲೆನಾಡಿನ ಮಳೆಗಾಲ. ಆರ್ಡರ್ ಇಲ್ಲ ಅಂತ ವಾರಗಟ್ಟಲೆ ಯಂತ್ರ ಸುಮ್ಮನೆ ಬಿಟ್ಟರೆ ಥಂಡಿಗೆ ಸ್ಕ್ರೂ ತುಕ್ಕು ಹಿಡಿಯುತ್ತೆ. ಮೂರನೆಯದು ತಪ್ಪು ಎಣ್ಣೆ. ತುಕ್ಕು ಬಿಡಿಸುವ ಸ್ಪ್ರೇ ಕ್ಲೀನ್ ಮಾಡೋಕೆ ಸರಿ, ಆದರೆ ಅದು ಗ್ರೀಸ್ ಅಲ್ಲ. ಗ್ರಾಫೈಟ್ ಬೆರೆತ ಗ್ರೀಸ್ ಕೂಡ ಇದಕ್ಕೆ ಬೇಡ. ಹಳೆಯದನ್ನು ಒರೆಸಿ ಒಳ್ಳೆ ಲಿಥಿಯಂ ಗ್ರೀಸ್ ಹಾಕಿದರೆ ಸಾಕು.

ಮೊದಲು ಪರೀಕ್ಷೆ, ಆಮೇಲೆ ಖರ್ಚು

ವೃತ್ತ ಕೆತ್ತಿದಾಗ ಯಂತ್ರ ದಿಕ್ಕು ಬದಲಿಸುವ ನಾಲ್ಕು ಜಾಗದಲ್ಲಿ ಸಣ್ಣ ಮೆಟ್ಟಿಲು ಕಂಡರೆ ಎಲ್ಲೋ ಲೂಸ್ ಇದೆ ಎಂದರ್ಥ. ಇದಕ್ಕೇ ಬ್ಯಾಕ್‌ಲ್ಯಾಶ್ ಅನ್ನೋದು. ಡಯಲ್ ಗೇಜ್ ಇಟ್ಟು ಯಂತ್ರವನ್ನು ಒಂದು ದಿಕ್ಕಿಗೆ ಸ್ವಲ್ಪ ಸರಿಸಿ, ಗೇಜನ್ನು ಸೊನ್ನೆಗೆ ತರಬೇಕು. ಅದೇ ದಿಕ್ಕಿಗೆ 1 ಮಿ.ಮೀ. ಕಳಿಸಿ, ಮತ್ತೆ 1 ಮಿ.ಮೀ. ವಾಪಸ್ ತರಬೇಕು. ಸೊನ್ನೆಗೆ ಬರದೆ ಉಳಿದಷ್ಟೇ ಲೂಸ್.

ಆದರೆ ಲೂಸ್ ಇದೆ ಅಂದ ತಕ್ಷಣ ಸ್ಕ್ರೂ ಹೋಯ್ತು ಅಂತಲ್ಲ. ಎಷ್ಟೋ ಸಲ ಮೋಟಾರ್ ಕಪ್ಲಿಂಗ್‌ನ ಬೋಲ್ಟ್, ತುದಿಯ ಬೇರಿಂಗ್, ಅದರ ಲಾಕ್ ನಟ್ ಸಡಿಲಾಗಿರುತ್ತೆ. ಕರೆಂಟ್ ತೆಗೆದು ಇವನ್ನು ನೋಡೋಕೆ ಅರ್ಧ ಗಂಟೆ ಸಾಕು. ಅದು ಗೊತ್ತಿಲ್ಲದೆ ಇಡೀ ಸ್ಕ್ರೂ ಬದಲಿಸಿದರೆ ದುಡ್ಡೂ ಹೋಯ್ತು, ದೋಷವೂ ಉಳೀತು. ಸಾಫ್ಟ್‌ವೇರ್‌ನಲ್ಲಿ ಬ್ಯಾಕ್‌ಲ್ಯಾಶ್ ಸರಿದೂಗಿಸಬಹುದು ನಿಜ. ಆದರೆ ಅದು ನೋವಿನ ಮಾತ್ರೆ ಇದ್ದ ಹಾಗೆ, ಸವೆತ ಒಳಗೊಳಗೇ ಮುಂದುವರಿಯುತ್ತೆ.

ನಟ್ಟನ್ನು ಸ್ಕ್ರೂನಿಂದ ಹೊರಗೆ ಎಳೆದರೆ ಗುಂಡುಗಳೆಲ್ಲ ಉದುರುತ್ತವೆ. ಸರಿಯಾದ ದಪ್ಪದ ಪೈಪ್ ತುಂಡಿನ ಮೇಲೆ ಜಾರಿಸಿಕೊಂಡೇ ತೆಗೆಯಬೇಕು. ಸ್ಕ್ರೂ ಮೇಲೆ ಗುಳಿ ಬಿದ್ದಿದ್ದರೆ ಮಾತ್ರ ಸ್ಕ್ರೂ, ನಟ್ ಎರಡನ್ನೂ ಜೋಡಿಯಾಗಿ ಬದಲಿಸುವುದೇ ದಾರಿ.

ಕಲಿತವರು ಎಲ್ಲಿ?

2022ರ ಜೂನ್‌ನಲ್ಲಿ ರಾಜ್ಯದ 150 ಐಟಿಐಗಳನ್ನು ಟೆಕ್ನಾಲಜಿ ಹಬ್‌ಗಳಾಗಿ ಪ್ರಧಾನಿ ಉದ್ಘಾಟಿಸಿದರು. ವೆಚ್ಚ 4,600 ಕೋಟಿ ರೂ.ಗೂ ಹೆಚ್ಚು. ಐಟಿಐಗಳಲ್ಲಿ ಯಂತ್ರ ನಿರ್ವಹಣೆಗೆಂದೇ 2 ವರ್ಷದ ಟ್ರೇಡ್ ಕೂಡ ಇದೆ. ಕಲಿಸುವ ವ್ಯವಸ್ಥೆ ಇಲ್ಲ ಅನ್ನೋ ಹಾಗಿಲ್ಲ. ಕಲಿತ ಹುಡುಗರು ಪೀಣ್ಯದ ಬಸ್ ಹತ್ತುತ್ತಾರೆ. ಅದು ಅವರ ತಪ್ಪಲ್ಲ. ಒಂದೇ ಯಂತ್ರ ಇರುವ ಅಂಗಡಿ ತಿಂಗಳ ಸಂಬಳ ಕೊಟ್ಟು ಮೆಕ್ಯಾನಿಕ್ ಇಟ್ಟುಕೊಳ್ಳೋಕೆ ಆಗಲ್ಲ.

ಆದರೆ ತಾಲ್ಲೂಕಿನ ಹತ್ತು ಅಂಗಡಿ ಸೇರಿದರೆ ಲೆಕ್ಕ ಬೇರೆ. ಪ್ರತಿಯೊಬ್ಬರೂ ವರ್ಷಕ್ಕೆ ಇಂತಿಷ್ಟು ಅಂತ ಹಾಕಿದರೆ ಊರಲ್ಲೇ ಒಬ್ಬ ಐಟಿಐ ಹುಡುಗನಿಗೆ ಕೆಲಸ ಆಗುತ್ತೆ. ಒಂದೇ ಸೈಜಿನ ಯಂತ್ರ ಇರುವವರು ಒಂದು ಜೊತೆ ಬೇರಿಂಗ್, ಕಪ್ಲಿಂಗ್ ಸ್ಪೇರ್ ತಂದಿಟ್ಟುಕೊಳ್ಳಬಹುದು. ಗ್ರೀಸ್ ಹಾಕಿದ ತಾರೀಕು ಗೋಡೆಗೆ ಬರೆದರೆ ಖರ್ಚೇ ಇಲ್ಲ.

ಉಳಿ ಹಿಡಿದ ಕಾಲದಲ್ಲಿ ಮಸೆಯೋದನ್ನೂ ಕೆಲಸಗಾರನೇ ಕಲಿಯುತ್ತಿದ್ದ. ಯಂತ್ರ ಕೊಂಡವರೂ ಅಷ್ಟನ್ನು ಕಲಿಯದಿದ್ದರೆ, ಪ್ರತಿ ಸೀಸನ್‌ಗೂ ಬೆಂಗಳೂರಿನ ಮೆಕ್ಯಾನಿಕ್‌ಗೆ ಫೋನ್ ಹಚ್ಚಿ ಕಾಯೋದೇ ಆಗುತ್ತೆ.